ಒಂದು ಸುಳಿವು, ಹಲವು ಕೈ

1944ರ ಮೇ ತಿಂಗಳು. ನಾರ್ಮಂಡಿ ದಾಳಿಗೆ ಮಿತ್ರಪಡೆಗಳು ಗುಟ್ಟಾಗಿ ಸಜ್ಜಾಗುತ್ತಿದ್ದವು. ಅದೇ ಹೊತ್ತಿಗೆ ಬ್ರಿಟನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಪದಬಂಧದಲ್ಲಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬೆರಿ ಎಂಬ ಉತ್ತರಗಳು ಒಂದರ ಹಿಂದೊಂದು ಕಾಣಿಸಿಕೊಂಡವು. ನಾಲ್ಕೂ ಆ ದಾಳಿಗೆ ಸೇರಿದ ಸಂಕೇತನಾಮಗಳು! ಗುಪ್ತಚರರು ಪದಬಂಧ ರಚಿಸುತ್ತಿದ್ದ ಮುಖ್ಯೋಪಾಧ್ಯಾಯ ಲಿಯೊನಾರ್ಡ್ ಡಾವ್ ಅವರನ್ನು ವಿಚಾರಿಸಿ, ತಪ್ಪೇನೂ ಕಾಣದೆ ಬಿಟ್ಟರು. 1984ರಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬರು ಬೇರೆಯೇ ಕಥೆ ಹೇಳಿದರು. ಖಾಲಿ ಚೌಕಟ್ಟಿನಲ್ಲಿ ಪದ ತುಂಬುವ ಕೆಲಸವನ್ನು ಮೇಷ್ಟ್ರು ಹುಡುಗರಿಗೆ ಹಚ್ಚುತ್ತಿದ್ದರಂತೆ. ಆ ಪದಗಳನ್ನು ಹುಡುಗರು ಹತ್ತಿರ ಬೀಡುಬಿಟ್ಟಿದ್ದ ಸೈನಿಕರಿಂದ ಕೇಳಿಸಿಕೊಂಡಿದ್ದರಂತೆ. ಸುಳಿವು ಮಾತ್ರ ಮೇಷ್ಟ್ರದ್ದು.

ಇದನ್ನು ಬೇಹುಗಾರಿಕೆಯ ಕಥೆಯಾಗಿ ಹೇಳುವುದೇ ರೂಢಿ. ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಕಡೆ. ಒಬ್ಬರದೇ ಎಂದು ಓದುಗರು ತಿಳಿದಿದ್ದ ಪದಬಂಧದ ಹಿಂದೆ ಹುಡುಗರ ಗುಂಪೇ ಇತ್ತು. ಸುಳಿವು ಬರೆಯುವುದು ಏಕಾಂತದ ಕೆಲಸ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದು ಪದಬಂಧದ ಚರಿತ್ರೆಯನ್ನು ಕೆದಕಿದಷ್ಟೂ ಕಾಣುತ್ತದೆ.

ಆರ್ಥರ್ ವಿನ್ ಅವರ ವಜ್ರಾಕಾರದ ಮೊದಲ ಪದಬಂಧ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಅಚ್ಚಾದದ್ದು 1913ರ ಡಿಸೆಂಬರ್ 21ರಂದು. ಮುಂದಿನ ಫೆಬ್ರುವರಿಗಾಗಲೇ ಓದುಗರು ತಾವೇ ಹೆಣೆದು ಕಳಿಸಿದ್ದು ಪ್ರಕಟವಾಗತೊಡಗಿತು. ಅದಕ್ಕೂ 30 ವರ್ಷ ಮೊದಲೇ, 1883ರ ಜುಲೈ 4ರಂದು, ಒಗಟುಪ್ರಿಯರು ನ್ಯೂಯಾರ್ಕಿನಲ್ಲಿ ಸಂಘ ಕಟ್ಟಿಕೊಂಡಿದ್ದರು. ಇಂದಿನ ನ್ಯಾಷನಲ್ ಪಜ್ಲರ್ಸ್ ಲೀಗ್ ಅದೇ. ಸದಸ್ಯರು ತಾವಾಗಿ ಇಟ್ಟುಕೊಂಡ ಅಡ್ಡಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಾರೆ, ಒಬ್ಬರು ಹೆಣೆದದ್ದನ್ನು ಇನ್ನೊಬ್ಬರು ಬಿಡಿಸುತ್ತಾರೆ.

ಮೊದಮೊದಲ ಸುಳಿವುಗಳು ಬಹುಪಾಲು ನಿಘಂಟಿನ ಅರ್ಥಗಳು. ಪದದ ಅರ್ಥದ ಜೊತೆಗೆ ಪದವನ್ನು ಒಡೆಯುವ, ತಿರುಗಿಸುವ ಆಟವನ್ನೂ ಅಡಗಿಸಿಡುವ ಗೂಢ ಸುಳಿವು ಬೆಳೆದದ್ದು ಬ್ರಿಟನ್ನಿನಲ್ಲಿ. 1926ರಿಂದ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಟಾರ್ಕ್ವೆಮಾಡಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಸುಳಿವುಗಳಲ್ಲಿ ನಿಸ್ಸೀಮರು. ಪದಗಳನ್ನು ಚೌಕಟ್ಟಿಗೆ ಕೂರಿಸಿಕೊಡುತ್ತಿದ್ದವರು ಅವರ ಪತ್ನಿ.

ಮ್ಯಾಥರ್ಸ್ ನಂತರ 1939ರಲ್ಲಿ ಬಂದ ಡಿ. ಎಸ್. ಮ್ಯಾಕ್‌ನಟ್ ತಮ್ಮನ್ನು ಕ್ಸಿಮೆನೀಸ್ ಎಂದು ಕರೆದುಕೊಂಡರು. ಹವ್ಯಾಸಿಗಳ ಬಳಗ ನಿಜಕ್ಕೂ ಹುಟ್ಟಿಕೊಂಡದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಪದಬಂಧ ಬಿಡಿಸಿ ಕಳಿಸಿದರಷ್ಟೇ ಸಾಲದು, ಅದರಲ್ಲಿನ ಒಂದು ಪದಕ್ಕೆ ನೀವೇ ಗೂಢ ಸುಳಿವು ಬರೆಯಿರಿ ಎಂಬ ಸ್ಪರ್ಧೆಯನ್ನು ಅವರು ನಡೆಸಿದರು. ಗೆದ್ದ ಸುಳಿವುಗಳು, ಜೊತೆಗೆ ಅವರ ಟಿಪ್ಪಣಿ, ಒಂದು ಚೀಟಿಯಲ್ಲಿ ಅಚ್ಚಾಗಿ ಭಾಗವಹಿಸಿದವರ ಕೈ ಸೇರುತ್ತಿತ್ತು. ಒಂದೇ ಪದವನ್ನು ಅಷ್ಟು ಮಂದಿ ಎಷ್ಟು ದಾರಿಗಳಿಂದ ಮುಟ್ಟಿದ್ದಾರೆ ಎಂದು ನೋಡುವುದಕ್ಕಿಂತ ದೊಡ್ಡ ಪಾಠ ಬರೆಯುವವರಿಗೆ ಇನ್ನೇನಿದೆ? 1972ರಲ್ಲಿ ಅವರ ಜಾಗಕ್ಕೆ ಬಂದ ಎಜೆಡ್, ಅಂದರೆ ಜೊನಾಥನ್ ಕ್ರೌದರ್, ದಶಕಗಟ್ಟಲೆ ಆ ಪದ್ಧತಿಯನ್ನು ಉಳಿಸಿಕೊಂಡು ಬಂದರು.

ಈ ಪರಂಪರೆ ಹಿಡಿದ ನಿಯಮ ಚಿಕ್ಕದು. ಸುಳಿವಿನಲ್ಲಿ ಖಚಿತವಾದ ಅರ್ಥ ಇರಬೇಕು, ನ್ಯಾಯವಾದ ಪದಚಮತ್ಕಾರ ಇರಬೇಕು, ಇವೆರಡರ ಹೊರತು ಮತ್ತೇನೂ ಇರಬಾರದು. ಕೇಳಲು ಸುಲಭ. ಬರೆಯಲು ಕೂತಾಗಲೇ ಗೊತ್ತಾಗುತ್ತದೆ.

‘ನದಿ’ ಎಂಬ ಉತ್ತರವನ್ನೇ ತೆಗೆದುಕೊಳ್ಳಿ. ನಾಲ್ವರು ಕೂತಿದ್ದಾರೆ ಎಂದುಕೊಳ್ಳೋಣ. ಅಕ್ಷರ ತಿರುಗಿಸಿದರೆ ‘ದಿನ’ ಆಗುತ್ತದೆ ಎಂದು ಒಬ್ಬರ ಕಣ್ಣಿಗೆ ಬೀಳುತ್ತದೆ. ಇನ್ನೊಬ್ಬರು ‘ದಿನ ತಿರುಗಿದರೆ ಹರಿಯುತ್ತದೆ’ ಎಂದು ಬರೆಯುತ್ತಾರೆ. ಮೂರನೆಯವರು ತಕರಾರು ತೆಗೆಯುತ್ತಾರೆ: ಉತ್ತರ ನಾಮಪದ, ಸುಳಿವಿನ ಅರ್ಥಭಾಗ ಕ್ರಿಯಾಪದ, ಹೊಂದುವುದಿಲ್ಲ. ‘ತಿರುಗಿದ ದಿನದಂದು ಹರಿಯುವುದು’ ಎಂದು ತಿದ್ದಿದರೆ, ‘ಅಂದು’ ಯಾವ ಕೆಲಸಕ್ಕೆ ಎಂದು ನಾಲ್ಕನೆಯವರು ಕೇಳುತ್ತಾರೆ. ಕೊನೆಗೆ ಉಳಿಯುವುದು: ‘ದಿನ ತಿರುಗಿ ಹರಿಯುವುದು’. ಮೂರೇ ಪದ. ಓದಿದರೆ ಕಾಲದ ಬಗೆಗಿನ ಮಾತಿನಂತಿದೆ, ಒಡೆದರೆ ‘ನದಿ’. ಒಬ್ಬರೇ ಕೂತಿದ್ದರೆ ಬಹುಶಃ ಮೊದಲನೆಯದಕ್ಕೇ ತೃಪ್ತಿಪಟ್ಟು ಎದ್ದುಬಿಡುತ್ತಿದ್ದರು. ನಮ್ಮ ಕಣ್ಣಿಗೆ ಕಂಡ ಅರ್ಥ ನಮಗೆ ಸ್ಪಷ್ಟವಾಗಿಯೇ ಇರುತ್ತದೆ. ಅದು ಎದುರಿನವರನ್ನು ತಲುಪಿತೇ ಎಂದು ತಿಳಿಯಲು ಎದುರಿಗೆ ಯಾರಾದರೂ ಇರಲೇಬೇಕು.

ಯಾರು ಇರುತ್ತಾರೆ ಎಂಬುದೂ ಮುಖ್ಯ. ‘ಇದು ಎಲ್ಲರಿಗೂ ಗೊತ್ತಿರುವ ವಿಷಯ’ ಎಂದು ತೀರ್ಮಾನಿಸುವವರೆಲ್ಲ ಒಂದೇ ಬಗೆಯ ಬದುಕಿನಿಂದ ಬಂದಿದ್ದರೆ, ಉಳಿದವರ ಊಟ, ಹಾಡು, ಹೆಸರುಗಳೆಲ್ಲ ‘ಅಪರಿಚಿತ’ ಎನಿಸಿ ಚೌಕಟ್ಟಿನ ಹೊರಗೇ ಉಳಿಯುತ್ತವೆ. 2020ರಲ್ಲಿ ಅಮೆರಿಕದ ರಚನೆಕಾರರು ಮತ್ತು ಪದಬಂಧಪ್ರಿಯರು ‘ನ್ಯೂಯಾರ್ಕ್ ಟೈಮ್ಸ್’ಗೆ ಬಹಿರಂಗ ಪತ್ರ ಬರೆದು, ಸುಳಿವು ತಿದ್ದುವವರಲ್ಲಿ ವೈವಿಧ್ಯ ಬೇಕೆಂದು ಕೇಳಿದ್ದು ಇದಕ್ಕಾಗಿಯೇ. ಅದು ನ್ಯಾಯವಾದ ಬೇಡಿಕೆ.

ಚೌಕಟ್ಟು ತುಂಬಲು ಈಗ ತಂತ್ರಾಂಶಗಳಿವೆ. ಹಾಗಾಗಿ ಹವ್ಯಾಸಿಗಳು ಸುಳಿವಿನ ಮೇಲೆ ಹೆಚ್ಚು ಹೊತ್ತು ಕಳೆಯಬಹುದು. ಅನುಭವಿಗಳು ಹೊಸಬರೊಂದಿಗೆ ಜೋಡಿಯಾಗಿ ಬರೆಯುತ್ತಾರೆ, ಸ್ನೇಹಿತರು ಅಚ್ಚಿಗೆ ಮೊದಲೇ ಬಿಡಿಸಿ ಎಡವಿದ ಜಾಗಕ್ಕೆ ಗುರುತು ಹಾಕಿಕೊಡುತ್ತಾರೆ. ‘ನ್ಯೂಯಾರ್ಕ್ ಟೈಮ್ಸ್’ ತನ್ನ ದೈನಂದಿನ ಪದಬಂಧದಲ್ಲಿ ರಚನೆಕಾರರ ಹೆಸರು ಹಾಕತೊಡಗಿದ್ದು 1993ರಲ್ಲಿ, ವಿಲ್ ಶಾರ್ಟ್ಜ್ ಸಂಪಾದಕರಾದ ಮೇಲೆ. ಈಗ ಎರಡು ಹೆಸರು ಒಟ್ಟಿಗೆ ಅಚ್ಚಾಗುವುದೂ ಮಾಮೂಲು. ‘ಅಂದು’ ಯಾವ ಕೆಲಸಕ್ಕೆ ಎಂದು ಕೇಳಿದ ನಾಲ್ಕನೆಯವರ ಹೆಸರಿಗೆ ಅಲ್ಲಿ ಇನ್ನೂ ಜಾಗವಿಲ್ಲ.