ಸೆಟ್ ಸರಿಯಿದೆ, ಕರೆ ಹೋಗುತ್ತಿಲ್ಲ

ಹೋದ ತಿಂಗಳು ಸಾಗರದ ಮೊಬೈಲ್ ರಿಪೇರಿ ಅಂಗಡಿಯೊಂದಕ್ಕೆ ದೊಡ್ಡಮ್ಮನ ಫೋನ್ ಒಯ್ದಿದ್ದೆ. ಹತ್ತು ವರ್ಷದ ಹಳೆಯ 4ಜಿ ಸೆಟ್. ಗಾಜಿನ ಮೇಲೆ ಗೀರಿಲ್ಲ, ಬ್ಯಾಟರಿ ಸಂಜೆಯವರೆಗೆ ಬರುತ್ತದೆ. ಅವರ ಮನೆಗೆ ಈಗ ಸಿಗುವುದು 4ಜಿ ಟವರ್ ಒಂದೇ. ಇಂಟರ್ನೆಟ್ ಓಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ‘ಸೆಟ್ಟಲ್ಲಿ ಏನೂ ಹಾಳಾಗಿಲ್ಲ ಸರ್, ಇದ್ರಲ್ಲಿ ವೋಎಲ್‌ಟಿಇ, ಅಂದ್ರೆ 4ಜಿಯಲ್ಲೇ ಕರೆ ಮಾಡೋ ಸೌಲಭ್ಯ, ಇಲ್ಲ. ಹೊಸದು ತಗೊಳ್ಳಿ’ ಎಂದ ಅಂಗಡಿಯ ಹುಡುಗ. ‘ಚೆನ್ನಾಗಿರೋದನ್ನ ಯಾಕೆ ಬಿಸಾಕೋದು ಮಾರಾಯ?’ ಎಂದು ದೊಡ್ಡಮ್ಮ ಕೇಳಿದರು. ಅದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ದೂರಸಂಪರ್ಕ ಸಚಿವ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು, ಟಾರ್ಚಿನ ನೋಕಿಯಾ 1100 ಬಂತು. ಮತ್ತೆ ಐದಾರು ವರ್ಷದಲ್ಲಿ ಅಡಿಕೆ ತೋಟದ ನಡುವೆಯೂ ರಿಂಗ್‌ಟೋನ್ ಕೇಳತೊಡಗಿತು.

ಆ ಹೊತ್ತಿಗೆ ಪೇಟೆ ತುಂಬಾ ‘ಚೈನಾ ಸೆಟ್’. ಎರಡು ಸಿಮ್, ಜಾತ್ರೆ ಮೈಕಿನಂಥ ಸದ್ದು, ಕಡಿಮೆ ಬೆಲೆ. ಅವುಗಳಲ್ಲಿ ಹಲವಕ್ಕೆ ಒಂದೊಂದು ಫೋನಿಗೂ ಬೇರೆಬೇರೆಯಾಗಿ ಇರಬೇಕಾದ ಗುರುತಿನ ಸಂಖ್ಯೆ, ಐಎಂಇಐ, ಇರಲೇ ಇಲ್ಲ. *#06# ಒತ್ತಿದರೆ 15 ಅಂಕೆ ಕಾಣಬೇಕಾದ ಜಾಗದಲ್ಲಿ ಸಾಲಾಗಿ ಸೊನ್ನೆ. ಇಲ್ಲವೆ ಎಷ್ಟೋ ಫೋನುಗಳಿಗೆ ಒಂದೇ ಸಂಖ್ಯೆ. ಮುಂಬೈ ದಾಳಿಯ ನಂತರ ಭದ್ರತೆಯ ಆತಂಕವೂ ಹೆಚ್ಚಿತ್ತು. ಸರಿಯಾದ ಐಎಂಇಐ ಇಲ್ಲದ ಫೋನುಗಳ ಸಂಪರ್ಕ ಕಡಿಯಲು ಸರ್ಕಾರ ಇಟ್ಟ ಗಡುವು ಹಲವು ಸಲ ಮುಂದಕ್ಕೆ ಹೋಗಿ, ಕೊನೆಗೆ 2009ರ ನವೆಂಬರ್ 30ಕ್ಕೆ ನಿಂತಿತು. ಮರುದಿನದಿಂದ ಅಂಥ ಸೆಟ್ಟುಗಳಿಗೆ ಸಿಗ್ನಲ್ ಇಲ್ಲ.

ಆದರೆ ಆ ಗಡುವಿನ ಜೊತೆಗೆ ಒಂದು ದಾರಿಯನ್ನೂ ತೆರೆದಿದ್ದರು. ಗೊತ್ತುಪಡಿಸಿದ ಅಂಗಡಿಗೆ ಹೋಗಿ 199 ರೂಪಾಯಿ ಕೊಟ್ಟರೆ ಅಸಲಿ ಐಎಂಇಐ ಹಾಕಿಕೊಡುತ್ತಿದ್ದರು. ಆಗ ನಾನು ಶಿವಮೊಗ್ಗದಲ್ಲಿ ಓದುತ್ತಿದ್ದೆ. ಗಾರೆ ಕೆಲಸದವರು, ಹೂ ಮಾರುವವರು ಸಾಲಿನಲ್ಲಿ ನಿಂತಿದ್ದರು. ಫೋನಿಗೆ ಕೇಬಲ್ ಚುಚ್ಚಿ ಕಂಪ್ಯೂಟರಿನಲ್ಲಿ ಏನೋ ಒತ್ತುತ್ತಿದ್ದರು, ಫೋನ್ ಆರಿ ಮತ್ತೆ ಹತ್ತುತ್ತಿತ್ತು. *#06# ಒತ್ತಿ, ಮೂಡಿದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಆ ಚೀಟಿಯನ್ನು ಬ್ಯಾಟರಿಯ ಹಿಂದೆ ಮಡಚಿಟ್ಟುಕೊಂಡು ಹೋದವರನ್ನು ನಾನು ನೋಡಿದ್ದೇನೆ. ಗೊತ್ತಿಲ್ಲದೆ ಕೊಂಡವರು ಶಿಕ್ಷೆ ಅನುಭವಿಸಬಾರದು ಎಂದು ಆಗ ಯಾರಿಗೋ ಅನ್ನಿಸಿತ್ತು. ಐಎಂಇಐ ತಿದ್ದುವುದನ್ನು ಅಪರಾಧವಾಗಿಸುವ ನಿಯಮ 2017ರಲ್ಲಿ ಬಂದದ್ದು ಸರಿಯೇ. ಆದರೆ ಹಳೆ ಸೆಟ್ ಉಳಿಸಿಕೊಡುವ ಆ ಮನಸ್ಸು ಆಮೇಲೆ ಅಷ್ಟಾಗಿ ಕಾಣಲಿಲ್ಲ. 501 ರೂಪಾಯಿಗೆ ಮನೆಮನೆ ಸೇರಿದ್ದ, ಸಿಡಿಎಂಎ ಎಂಬ ಬೇರೆ ತಂತ್ರಜ್ಞಾನದ ಸೆಟ್ಟುಗಳು ಆ ಜಾಲ ಮುಚ್ಚಿದಾಗ ಸೀದಾ ಕಪಾಟಿನ ಮೂಲೆ ಸೇರಿದವು.

ಈಗಿನ ತೊಡಕು ಬೇರೆ ಬಗೆಯದು. 2ಜಿ, 3ಜಿಯಲ್ಲಿ ಮಾತಿಗೆ ಪ್ರತ್ಯೇಕ ದಾರಿಯಿತ್ತು. 4ಜಿಯಲ್ಲಿ ಆ ದಾರಿಯಿಲ್ಲ. ಮಾತು ಕೂಡ ಡೇಟಾ ಆಗಿಯೇ ಹೋಗಬೇಕು. ಇದೇ ವೋಎಲ್‌ಟಿಇ. ಇದಕ್ಕೆ ಫೋನಿನೊಳಗಿನ ತಂತ್ರಾಂಶದಲ್ಲಿ ಆಯಾ ಕಂಪನಿಯ ಜಾಲದ ವಿವರ ಇರಬೇಕು. ಅದಿಲ್ಲದ 4ಜಿ ಫೋನ್ ಕರೆ ಬಂದಾಗ 3ಜಿಗೋ 2ಜಿಗೋ ಇಳಿಯುತ್ತದೆ. ಇಳಿಯಲು ಮೆಟ್ಟಿಲೇ ಇಲ್ಲದ ಕಡೆ ಮೂಕವಾಗುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಬರೀ 4ಜಿ ಜಾಲದೊಂದಿಗೆ ಜಿಯೋ ಬಂದಾಗ ಈ ಸಮಸ್ಯೆ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಎದುರಾಯಿತು. ಅಂಥ ಫೋನುಗಳಿಗೆಂದೇ ಒಂದು ಆ್ಯಪ್ ಕೊಟ್ಟರು, ಕೆಲಸ ನಡೆಯಿತು. 2019ರಿಂದ ಏರ್‌ಟೆಲ್ 3ಜಿ ತೆಗೆಯತೊಡಗಿತು, 2ಜಿ ಉಳಿಸಿಕೊಂಡಿತು. 2ಜಿಯನ್ನೂ ಮುಚ್ಚಬೇಕೆಂಬ ವಾದ ಆಗಾಗ ಏಳುತ್ತದೆ. ಕೀಪ್ಯಾಡ್ ಫೋನ್ ಬಳಸುವವರು ಇನ್ನೂ ಸುಮಾರು 15 ಕೋಟಿ ಎಂಬುದು 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೊಟ್ಟ ಲೆಕ್ಕ. ಡೇಟಾ ಇಲ್ಲದೆ ಬರೀ ಮಾತು-ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಲೇಬೇಕೆಂದು ಆಗ ನಿಯಮವಾದದ್ದು ಇವರಿಗಾಗಿಯೇ. ಬ್ಯಾಂಕಿನ ಒಟಿಪಿ, ಗ್ಯಾಸ್ ಬುಕಿಂಗ್ ಎಲ್ಲವೂ ಇವರಿಗೆ ಆ ಪುಟ್ಟ ಸೆಟ್ಟಿನಲ್ಲೇ.

ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ 28ರಿಂದ 3ಜಿ ಮುಚ್ಚುವ ಮುಂಚೆ, ‘3’ ಎಂದು 3498ಕ್ಕೆ ಸಂದೇಶ ಕಳಿಸಿದರೆ ನಿಮ್ಮ ಸೆಟ್ ಉಳಿಯುತ್ತದೋ ಇಲ್ಲವೋ ಎಂದು ಉತ್ತರ ಬರುತ್ತಿತ್ತು. 4ಜಿ ಕರೆ ಮಾಡಬಲ್ಲ ಕೆಲವು ಫೋನುಗಳು ಕೂಡ ತುರ್ತು ಸಂಖ್ಯೆ 000ಕ್ಕೆ ಮಾತ್ರ 3ಜಿಯನ್ನೇ ನೆಚ್ಚಿದ್ದವು. ಹೊರಗಿಂದ ನೋಡಿದರೆ ಅದು ತಿಳಿಯುವಂತಿರಲಿಲ್ಲ. ಸೆಟ್ ಉಳಿಯುತ್ತದೋ ಎಂದು ಕೇಳಲು 3498ರಂಥ ಸರಳವಾದ ಒಂದು ಸಂಖ್ಯೆ ನಮ್ಮ ಹಳ್ಳಿಗಳಿಗೂ ಬೇಕು.

ಈಗಲೂ ಎಷ್ಟೋ ಫೋನುಗಳಲ್ಲಿ ಕೆಲಸ ಚಿಕ್ಕದು: ಹಳೆ ಸಿಮ್ ಬದಲಿಸಿ 4ಜಿ ಸಿಮ್ ಹಾಕುವುದು, ಬಾಕಿಯಿರುವ ಅಪ್‌ಡೇಟ್ ಇಳಿಸುವುದು, ಸೆಟ್ಟಿಂಗ್ಸ್‌ನ ಮೊಬೈಲ್ ನೆಟ್‌ವರ್ಕ್‌ನಲ್ಲಿ ವೋಎಲ್‌ಟಿಇ ಗುಂಡಿ ಒತ್ತುವುದು. ಅಂಗಡಿಯ ಹುಡುಗ ಮೂರನ್ನೂ ಮಾಡಿ ನೋಡಿದ. ದೊಡ್ಡಮ್ಮನ ಸೆಟ್ಟಿಗೆ ಕೊನೆಯ ಅಪ್‌ಡೇಟ್ ಬಂದದ್ದು 2017ರಲ್ಲಿ. ಸಿಮ್ ತೆಗೆದು 4ಜಿ ಕೀಪ್ಯಾಡ್ ಫೋನಿಗೆ ಹಾಕಿಸಿಕೊಂಡೆವು. ಹಳೆಯದರಲ್ಲಿ ಅವರು ದಿನಾ ಬೆಳಿಗ್ಗೆ ದೇವರನಾಮ ಕೇಳುತ್ತಾರೆ.