ಸರ್ವರ್ ಬಿದ್ದ ಜಾಗ, ತಪ್ಪು ನಡೆದ ಜಾಗ

ಕೊಡಗಿನ ಮಳೆಗಾಲದಲ್ಲಿ ಮರ ಬೀಳುತ್ತದೆ, ಲೈನ್ ಹರಿಯುತ್ತದೆ, ಕರೆಂಟ್ ಹೋಗುತ್ತದೆ. ಹಾಗಾಗಿ ಮಡಿಕೇರಿಯ ಒಂದು ಕಾಫಿ ವ್ಯಾಪಾರದ ಕಚೇರಿಯಲ್ಲಿ ಫೈಲ್ ಸರ್ವರ್ ಕ್ರ್ಯಾಶ್ ಆಗತೊಡಗಿದಾಗ ಎಲ್ಲರೂ ಕರೆಂಟನ್ನೇ ಬೈದರು. ಆದರೆ ಸರ್ವರ್‌ಗೆ ಯುಪಿಎಸ್ ಇತ್ತು, ಲ್ಯಾಪ್‌ಟಾಪ್‌ಗಳಿಗೆ ಬ್ಯಾಟರಿ ಇತ್ತು. ಕರೆಂಟ್ ಹೋದಾಗ ಆರುತ್ತಿದ್ದದ್ದು ಇವೆರಡನ್ನೂ ಜೋಡಿಸುವ ನಡುವಿನ ಪೆಟ್ಟಿಗೆ, ಅಂದರೆ ನೆಟ್‌ವರ್ಕ್ ಸ್ವಿಚ್ ಮಾತ್ರ.

ಲೆಕ್ಕ ನೋಡಿಕೊಳ್ಳುವ ಅಕ್ಕ ಒಂದು ಮಾತು ಹೇಳಿದರು: ‘ಕರೆಂಟ್ ಹೋದಾಗ ಏನೂ ಆಗಲ್ಲ ಸರ್. ವಾಪಸ್ ಬಂದ್ಮೇಲೆ ಯಾರಾದ್ರೂ ಬಿಲ್ ಸೇವ್ ಮಾಡಿದ್ರೆ ಆಗ ಹೋಗುತ್ತೆ, ಅದೂ ಪ್ರತಿಸಲ ಅಲ್ಲ.’ ಎಷ್ಟೋ ಎಂಜಿನಿಯರುಗಳ ವರದಿಗಿಂತ ಇದು ಚೊಕ್ಕವಾಗಿತ್ತು. ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ, ಎರಡೂ ಅದರಲ್ಲಿವೆ.

ಇಂಥ ಹೊತ್ತಲ್ಲಿ ಸುಮ್ನೆ ರೀಸ್ಟಾರ್ಟ್ ಮಾಡಿ ಮುಂದೆ ಹೋಗುವವರೇ ಜಾಸ್ತಿ. ಅದು ಕೆಲಸವನ್ನೂ ಮಾಡುತ್ತದೆ. ಚೆನ್ನಾಗಿ ಪರೀಕ್ಷೆಯಾದ ಸಾಫ್ಟ್‌ವೇರ್‌ನಲ್ಲಿ ಉಳಿದುಕೊಂಡ ದೋಷಗಳಲ್ಲಿ ಹೆಚ್ಚಿನವು ಇಂಥ ಬಂದು ಹೋಗುವ ಜಾತಿಯವು ಎಂದು ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1985ರಲ್ಲೇ ಬರೆದಿದ್ದರು. ಮತ್ತೆ ಶುರು ಮಾಡಿದರೆ ಅವು ಕಾಣುವುದಿಲ್ಲ. ಆದರೆ ಹೋಗಿರುವುದೂ ಇಲ್ಲ.

ರೀಸ್ಟಾರ್ಟ್ ಮಾಡುವ ಮೊದಲು ಕೋರ್ ಡಂಪ್ ಎತ್ತಿಟ್ಟುಕೊಳ್ಳಬೇಕು. ಪ್ರೋಗ್ರಾಮ್ ಮುಟ್ಟಬಾರದ ಮೆಮೊರಿಗೆ ಕೈ ಹಾಕಿದರೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅದಕ್ಕೆ ಸಿಗ್ನಲ್ 11 ಕಳಿಸುತ್ತದೆ, ಅಲ್ಲಿಗೆ ಅದರ ಆಟ ಮುಗಿಯುತ್ತದೆ. ಆ ಗಳಿಗೆಯ ಮೆಮೊರಿಯನ್ನು ಡಿಸ್ಕಿಗೆ ಬರೆದಿಟ್ಟಿದ್ದೇ ಕೋರ್ ಡಂಪ್. ಜಿಡಿಬಿ ಎಂಬ ಉಪಕರಣದಲ್ಲಿ ಅದನ್ನು ತೆರೆದು ‘ಬಿಟಿ’ ಎಂದು ಟೈಪ್ ಮಾಡಿದರೆ ಬ್ಯಾಕ್‌ಟ್ರೇಸ್ ಬರುತ್ತದೆ: ಯಾವ ಫಂಕ್ಷನ್ (ಕೋಡ್‌ನ ತುಣುಕು) ಯಾವುದನ್ನು ಕರೆಯಿತು, ಕೊನೆಗೆ ಯಾವ ಸಾಲಿನಲ್ಲಿ ಬಿತ್ತು.

ಇಲ್ಲಿ ಬಿದ್ದದ್ದು ‘ಫೋಲ್ಡರ್ ಬದಲಾಗಿದೆ’ ಎಂದು ಲ್ಯಾಪ್‌ಟಾಪ್‌ಗಳಿಗೆ ತಿಳಿಸುವ ಸಾಲಿನಲ್ಲಿ. ಓದಿದರೆ ಆ ಸಾಲಿನಲ್ಲಿ ಯಾವ ತಪ್ಪೂ ಇಲ್ಲ. ಹೊಸಬರು ಎಡವುವುದು ಇಲ್ಲೇ: ಬಿದ್ದ ಜಾಗ ಬೇರೆ, ತಪ್ಪು ನಡೆದ ಜಾಗ ಬೇರೆ. ಕಾಫಿ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಅರೇಬಿಕಾ ಗಿಡ ಹಳದಿಯಾಗಿ ಬಾಡುವ ಹೊತ್ತಿಗೆ ಕಾಂಡಕೊರಕ ದುಂಬಿ ತೊಗಟೆಯಲ್ಲಿ ಮೊಟ್ಟೆ ಇಟ್ಟು ತಿಂಗಳುಗಳೇ ಆಗಿರುತ್ತವೆ. ಬಾಡಿದ ಎಲೆ ನೋಡುತ್ತಾ ನಿಂತರೆ ಹುಳು ಸಿಗುವುದಿಲ್ಲ.

ಹುಳು ಇದ್ದದ್ದು ಹೀಗೆ. ನೀವು ಫೋಲ್ಡರ್ ತೆರೆದಿಟ್ಟರೆ ನಿಮ್ಮ ಲ್ಯಾಪ್‌ಟಾಪ್ ಸರ್ವರ್‌ಗೆ ‘ಇದರಲ್ಲಿ ಏನಾದರೂ ಬದಲಾದರೆ ಹೇಳು’ ಎಂದು ಕೋರಿಕೆ ಕಳಿಸಿ ಕಾಯುತ್ತದೆ. ಸ್ವಿಚ್ ಆರಿದಾಗ ಸರ್ವರ್‌ಗೆ ಅದು ತಕ್ಷಣ ಗೊತ್ತಾಗುವುದಿಲ್ಲ, ಹಳೆಯ ಸೆಷನ್, ಅಂದರೆ ಆ ಲ್ಯಾಪ್‌ಟಾಪ್ ಜೊತೆಗಿನ ಸಂಪರ್ಕದ ದಾಖಲೆ, ಹಾಗೇ ಉಳಿಯುತ್ತದೆ. ಕರೆಂಟ್ ಬಂದ ಮೇಲೆ ಲ್ಯಾಪ್‌ಟಾಪ್ ಮತ್ತೆ ಸೇರಿಕೊಂಡು ‘ನನ್ನ ಹಳೆಯ ಸೆಷನ್ ಮುಚ್ಚಿಬಿಡು’ ಎನ್ನುತ್ತದೆ. ಸರ್ವರ್ ಮುಚ್ಚಿತು, ಅದರ ಮೆಮೊರಿಯನ್ನೂ ಬಿಟ್ಟುಕೊಟ್ಟಿತು. ಆದರೆ ಕಾಯುತ್ತಿದ್ದ ಕೋರಿಕೆಯನ್ನು ಪಟ್ಟಿಯಿಂದ ತೆಗೆಯಲಿಲ್ಲ. ಆಮೇಲೆ ಯಾರೋ ಬಿಲ್ ಸೇವ್ ಮಾಡಿದರು. ಸರ್ವರ್ ಆ ಹಳೆಯ ಕೋರಿಕೆಗೆ ಉತ್ತರ ಕೊಡಲು ಹೋಗಿ, ತಾನೇ ಬಿಟ್ಟುಕೊಟ್ಟ ಮೆಮೊರಿಯನ್ನು ಮುಟ್ಟಿತು.

ಆ ಜಾಗವನ್ನು ಇನ್ನೂ ಬೇರೆ ಯಾರೂ ಬಳಸಿರದಿದ್ದರೆ ಹಳೆಯ ಮಾಹಿತಿ ಹಾಗೇ ಇರುತ್ತದೆ, ಏನೂ ಆಗುವುದಿಲ್ಲ. ಬಳಸಿದ್ದರೆ ಬೀಳಬಹುದು. ಅಕ್ಕ ಹೇಳಿದ ‘ಪ್ರತಿಸಲ ಅಲ್ಲ’ ಎಂಬುದರ ಗುಟ್ಟು ಇದೇ. ಬೀಳದೆ ಬೇರೆಯವರ ಮಾಹಿತಿಯ ಮೇಲೆ ಬರೆದುಬಿಟ್ಟರೆ? ನನಗೆ ಕ್ರ್ಯಾಶ್‌ಗಿಂತ ಅದರ ಭಯವೇ ಜಾಸ್ತಿ. ಲೆಕ್ಕ ಕೆಟ್ಟಿರುವುದು ಯಾರಿಗೂ ಗೊತ್ತೇ ಆಗುವುದಿಲ್ಲ, ಅಲ್ವಾ?

ಇದನ್ನು ಹಿಡಿಯಲು ಗೂಗಲ್‌ನವರು ಮಾಡಿದ ಅಡ್ರೆಸ್ ಸ್ಯಾನಿಟೈಜರ್ ಎಂಬ ಉಪಕರಣ ಇದೆ. ಅದನ್ನು ಸೇರಿಸಿ ಕಂಪೈಲ್ ಮಾಡಿದರೆ ಪ್ರೋಗ್ರಾಮ್ ಸುಮಾರು ಎರಡು ಪಟ್ಟು ನಿಧಾನವಾಗುತ್ತದೆ. ಆದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಮುಟ್ಟಿದ ಕೂಡಲೇ ನಿಲ್ಲಿಸಿ ಮೂರು ಜಾಗ ತೋರಿಸುತ್ತದೆ: ಎಲ್ಲಿ ಮುಟ್ಟಿತು, ಎಲ್ಲಿ ಬಿಟ್ಟುಕೊಟ್ಟಿತು, ಎಲ್ಲಿ ಪಡೆದಿತ್ತು. ಬೇಕಾದದ್ದು ಎರಡನೆಯದು.

ಮೆಮೊರಿಯ ವಿಳಾಸ ಹಿಡಿದಿಡುವುದನ್ನು ಪಾಯಿಂಟರ್ ಎನ್ನುತ್ತಾರೆ. ಬಿದ್ದ ಸಾಲಿಗೆ ‘ಪಾಯಿಂಟರ್ ಖಾಲಿ ಇದ್ದರೆ ಬಿಟ್ಟುಬಿಡು’ ಎಂದು ತೇಪೆ ಹಾಕಿದರೆ ಪ್ರಯೋಜನವಿಲ್ಲ. ಪಾಯಿಂಟರ್ ಖಾಲಿ ಇಲ್ಲ, ಹಳೆಯ ವಿಳಾಸವನ್ನೇ ಹಿಡಿದುಕೊಂಡಿದೆ. ಸರಿಪಡಿಸಬೇಕಾದದ್ದು ಸೆಷನ್ ಮುಚ್ಚುವ ಕಡೆ: ಮೊದಲು ಅದರ ಕೋರಿಕೆಗಳನ್ನೆಲ್ಲ ರದ್ದು ಮಾಡಬೇಕು, ಆಮೇಲೆ ಮೆಮೊರಿ ಬಿಡಬೇಕು. ಕೋಡ್‌ನಲ್ಲಿ ಕೆಲವೇ ಸಾಲು. ಅದರ ಜೊತೆಗೇ ಒಂದು ಪರೀಕ್ಷೆಯನ್ನೂ ಬರೆದಿಡಬೇಕು: ಫೋಲ್ಡರ್ ತೆರೆ, ಕೇಬಲ್ ಕೀಳು, ಮತ್ತೆ ಸೇರಿಸು, ಬೇರೆ ಕಂಪ್ಯೂಟರ್‌ನಿಂದ ಫೈಲ್ ಸೇವ್ ಮಾಡು. ಹಳೆಯ ಕೋಡ್‌ನಲ್ಲಿ ಇದು ಸ್ಯಾನಿಟೈಜರ್‌ಗೆ ಸಿಕ್ಕಿಬೀಳಬೇಕು, ಹೊಸದರಲ್ಲಿ ದಾಟಬೇಕು.