ಪ್ರಳಯ ತಡೆಯುವ ಹುಡುಗಿ ಯಾವಾಗ ಕೈ ಎತ್ತಬೇಕು?

ಹದಿನಾರು ವರ್ಷದ ಹುಡುಗಿಯೊಬ್ಬಳು ಊರಾಚೆಯ ಗುಡ್ಡದ ನೆತ್ತಿಯ ಮೇಲೆ ನಿಂತಿದ್ದಾಳೆ. ಮುಗಿಲಿನಿಂದ ಬೆಂಕಿಯುಗುಳುತ್ತ ಪರ್ವತದಂಥ ಬಂಡೆಯೊಂದು ಇಳಿದು ಬರುತ್ತಿದೆ. ಅವಳು ಅಂಗೈ ಎತ್ತುತ್ತಾಳೆ. ಬಂಡೆ ನಡುಗಿ ನಡುಗಿ ಗಾಳಿಯಲ್ಲೇ ನಿಂತುಬಿಡುತ್ತದೆ. ದೈವಸಮಾನ ಶಕ್ತಿ ಪಡೆದ ಹದಿಹರೆಯದವರ ಕಥೆಗಳಲ್ಲಿ ಈ ದೃಶ್ಯ ಎಷ್ಟೋ ರೂಪಗಳಲ್ಲಿ ಬಂದಿದೆ. ಕಿರುಬೆರಳ ಮೇಲೆ ಗೋವರ್ಧನವನ್ನು ಹೊತ್ತ ಬಾಲಕನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದಾಗಿಯೂ ಕಾಣುವುದಿಲ್ಲ. ಆ ಶಕ್ತಿ ಅವಳಿಗೆ ಎಲ್ಲಿಂದ ಬಂತು ಎಂದು ಈ ಲೇಖನ ಕೇಳುವುದಿಲ್ಲ. ಅವಳ ಬಳಿ ಬೇಕಾದಷ್ಟು ಬಲವಿದೆ ಎಂದೇ ಒಪ್ಪಿಕೊಳ್ಳೋಣ. ಆಗಲೂ ಒಂದು ತೊಡಕು ಉಳಿಯುತ್ತದೆ: ಬಂಡೆಯನ್ನು ತಡೆದು ನಿಲ್ಲಿಸಿದರೆ ಲೋಕ ಉಳಿಯುತ್ತದೆಯೇ?

ಲೆಕ್ಕಕ್ಕೆ ನಿಜವಾಗಿ ಬಿದ್ದ ಕಲ್ಲನ್ನೇ ತೆಗೆದುಕೊಳ್ಳಬಹುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈಗಿನ ಮೆಕ್ಸಿಕೋದ ಯುಕಟಾನ್ ಪರ್ಯಾಯ ದ್ವೀಪದ ಬಳಿ ಹತ್ತು ಕಿಲೋಮೀಟರಿಗೂ ಮೀರಿದ ಅಗಲದ ಕ್ಷುದ್ರಗ್ರಹವೊಂದು ಅಪ್ಪಳಿಸಿತು. ಅದು ತೋಡಿದ ಚಿಕ್ಸುಲುಬ್ ಕುಳಿಯ ಅಗಲ ಸುಮಾರು 180 ಕಿಲೋಮೀಟರ್. 1980ರಲ್ಲಿ ಲೂಯಿಸ್ ಅಲ್ವಾರೆಜ್, ಅವರ ಮಗ ವಾಲ್ಟರ್ ಅಲ್ವಾರೆಜ್ ಮತ್ತು ಸಂಗಡಿಗರು ಇಟಲಿಯ ಗುಬ್ಬಿಯೋ ಮುಂತಾದೆಡೆಯ ತೆಳು ಮಣ್ಣಿನ ಪದರದಲ್ಲಿ ಭೂಮಿಯ ಮೇಲ್ಮೈಯಲ್ಲಿ ವಿರಳವಾದ, ಆದರೆ ಕ್ಷುದ್ರಗ್ರಹಗಳಲ್ಲಿ ಹೆಚ್ಚಾಗಿರುವ ಇರಿಡಿಯಂ ಎಂಬ ಲೋಹ ಅಸಹಜ ಪ್ರಮಾಣದಲ್ಲಿರುವುದನ್ನು ತೋರಿಸಿ, ಡೈನೋಸಾರ್‌ಗಳ ಅಂತ್ಯಕ್ಕೂ ಆಕಾಶದ ಕಲ್ಲಿಗೂ ಸಂಬಂಧ ಕಲ್ಪಿಸಿದ್ದರು. ಹತ್ತು ಕಿಲೋಮೀಟರ್ ಅಗಲದ ಅಂಥ ಕಲ್ಲಿನ ತೂಕ ಒಂದು ಲಕ್ಷ ಕೋಟಿ ಟನ್ನಿಗೂ ಹೆಚ್ಚು. ಸೆಕೆಂಡಿಗೆ 20 ಕಿಲೋಮೀಟರ್ ವೇಗದಲ್ಲಿ ಬರುವಾಗ ಅದರ ಒಂದೊಂದು ಕಿಲೋಗ್ರಾಂನಲ್ಲಿಯೂ ಸುಮಾರು 48 ಕಿಲೋ ಟಿಎನ್‌ಟಿ ಸ್ಫೋಟಕಕ್ಕೆ ಸಮನಾದ ಚಲನಶಕ್ತಿ ಅಡಗಿರುತ್ತದೆ. ಆ ಕಲ್ಲು ಸ್ಫೋಟಕವೇನೂ ಅಲ್ಲ. ವೇಗವೊಂದೇ ಅದನ್ನು ಹಾಗೆ ಮಾಡಿದೆ.

ಈಗ ಹುಡುಗಿಯ ಅಂಗೈಗೆ ಮರಳೋಣ. ಅವಳು ಬಂಡೆಯನ್ನು ನಿಲ್ಲಿಸಿದ ಮಾತ್ರಕ್ಕೆ ಆ ಶಕ್ತಿ ಇಲ್ಲವಾಗುವುದಿಲ್ಲ. ಅದು ಶಾಖವಾಗಿ, ಬೆಳಕಾಗಿ, ಆಘಾತದ ಅಲೆಯಾಗಿ ಹೊರಬೀಳಲೇಬೇಕು. ಬಂಡೆಯನ್ನು ಪೂರ್ತಿ ಆವಿಯಾಗಿಸಿದ ಮೇಲೂ ಅದರಲ್ಲಿ ಬಹುಪಾಲು ಮಿಗುತ್ತದೆ. ಹಾಗೆ ನೋಡಿದರೆ 6.6 ಕೋಟಿ ವರ್ಷಗಳ ಹಿಂದೆ ಯುಕಟಾನಿನ ನೆಲ ಮಾಡಿದ್ದೂ ಅದನ್ನೇ, ಅದು ಕಲ್ಲನ್ನು ನಿಲ್ಲಿಸಿತು! ದೂಳು, ಮಸಿ ಮತ್ತು ಗಂಧಕದ ಕಣಗಳು ಸೂರ್ಯನನ್ನು ಮರೆಮಾಡಿ, ಗಿಡಮರಗಳ ಅನ್ನವೇ ನಿಂತು, ಭೂಮಿಯ ಮುಕ್ಕಾಲು ಪಾಲು ಜೀವಪ್ರಭೇದಗಳು ಅಳಿದದ್ದು ಆ ನಿಲುಗಡೆಯ ಪರಿಣಾಮ. ನೆಲದ ಕೆಲಸವನ್ನು ಹುಡುಗಿ ಕೆಲವು ಕಿಲೋಮೀಟರ್ ಮೇಲೆ, ಗಾಳಿಯಲ್ಲಿ ಮಾಡಿದರೆ ಪ್ರಳಯದ ವಿವರಗಳು ಬದಲಾಗುತ್ತವೆಯೇ ಹೊರತು ಪ್ರಳಯ ತಪ್ಪುವುದಿಲ್ಲ.

ಆದ್ದರಿಂದ ತಡೆಯುವ ಯೋಚನೆಯನ್ನೇ ಬಿಟ್ಟು, ಕಲ್ಲು ತನ್ನ ಪಾಡಿಗೆ ಸಾಗಿಹೋಗುವಂತೆ ಮಾಡುವುದು ಮೇಲು. ಇಲ್ಲಿ ಭೂಮಿಯ ಓಟವೇ ನಮ್ಮ ನೆರವಿಗಿದೆ. ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಚಲಿಸುವ ಭೂಮಿ ತನ್ನದೇ ವ್ಯಾಸದಷ್ಟು ದೂರವನ್ನು ಏಳು ನಿಮಿಷಗಳಲ್ಲಿ ದಾಟುತ್ತದೆ. ಅಂದರೆ ಕಲ್ಲು ಏಳು ನಿಮಿಷ ತಡವಾಗಿ ಬಂದರೆ ಸಾಮಾನ್ಯವಾಗಿ ಭೂಮಿ ಅಲ್ಲಿರುವುದಿಲ್ಲ. ಡಿಕ್ಕಿಗೆ ಹತ್ತು ವರ್ಷ ಮೊದಲು ಕಲ್ಲಿನ ವೇಗವನ್ನು ಅದರ ದಾರಿಯ ದಿಕ್ಕಿನಲ್ಲಿ ಸೆಕೆಂಡಿಗೆ ಒಂದೇ ಒಂದು ಸೆಂಟಿಮೀಟರ್, ಅಂದರೆ ಇರುವೆಯ ನಡಿಗೆಯಷ್ಟು ಬದಲಿಸಿದೆವೆನ್ನಿ. ನೇರ ಗುಣಾಕಾರಕ್ಕೆ ಸಿಗುವ ಅಂತರ 3,150 ಕಿಲೋಮೀಟರ್. ಆದರೆ ವೇಗ ಬದಲಾದಾಗ ಕಕ್ಷೆಯ ಅಳತೆಯೂ, ಒಂದು ಸುತ್ತಿಗೆ ಹಿಡಿಯುವ ಕಾಲವೂ ಬದಲಾಗಿ, ವ್ಯತ್ಯಾಸ ಸುತ್ತಿನಿಂದ ಸುತ್ತಿಗೆ ಸೇರುತ್ತ ಹೋಗುವುದರಿಂದ ನಿಜವಾದ ಅಂತರ ಅದರ ಸುಮಾರು ಮೂರು ಪಟ್ಟಾಗುತ್ತದೆ. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಭೂಮಿಯ ಸೆಳೆತವನ್ನೂ ಲೆಕ್ಕಕ್ಕೆ ಹಿಡಿದು ಖಾತ್ರಿ ಬೇಕೆಂದರೆ ಇನ್ನೂ ಕೆಲವು ವರ್ಷ ಮೊದಲು ತಳ್ಳಬೇಕು, ಅಷ್ಟೇ.

ಈ ತಳ್ಳಾಟಕ್ಕೆ ಎಷ್ಟು ಶಕ್ತಿ ಬೇಕು ಎಂಬ ಲೆಕ್ಕ ನನ್ನನ್ನು ಮೊದಲ ಸಲ ಬೆರಗುಗೊಳಿಸಿತ್ತು. ಕಲ್ಲಿನ ಜೊತೆಯಲ್ಲೇ ಸಾಗುತ್ತಿರುವವರ ದೃಷ್ಟಿಯಿಂದ ನೋಡಿದರೆ, ಹತ್ತು ಕಿಲೋಮೀಟರಿನ ಆ ದೈತ್ಯನಿಗೆ ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗ ಕೊಡಲು ಬೇಕಾದದ್ದು ಸುಮಾರು 19,000 ಯುನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ. ತಿಂಗಳಿಗೆ 100 ಯುನಿಟ್ ಬಳಸುವ ಮನೆಯೊಂದು ಹದಿನಾರು ವರ್ಷಗಳಲ್ಲಿ ಖರ್ಚು ಮಾಡುವಷ್ಟು. ಹುಡುಗಿಯ ವಯಸ್ಸೂ ಅಷ್ಟೇ ಎಂಬುದು ಕೇವಲ ಕಾಕತಾಳೀಯ.

ಹಾಗಾದರೆ ಕಷ್ಟವೆಲ್ಲಿದೆ? ಕಾಲೂರಲು ನೆಲೆಯಿಲ್ಲದಿರುವುದರಲ್ಲಿದೆ. ಕೆಸರಿನಲ್ಲಿ ಹೂತ ಎತ್ತಿನಗಾಡಿಯನ್ನು ನೂಕುವವನು ಹಿಂದಿನ ಕಾಲನ್ನು ನೆಲಕ್ಕೆ ಒತ್ತಿಹಿಡಿಯುತ್ತಾನೆ. ಬಾಹ್ಯಾಕಾಶದಲ್ಲಿ ಆ ನೆಲವಿಲ್ಲ. ನ್ಯೂಟನ್ನನ ಮೂರನೆಯ ನಿಯಮದಂತೆ, ಕಲ್ಲನ್ನು ತಳ್ಳಿದ ಹುಡುಗಿಯೇ ಹಿಂದಕ್ಕೆ ಚಿಮ್ಮಿಹೋಗುತ್ತಾಳೆ. ಮುಷ್ಟಿ ಕಟ್ಟಿ ಗುದ್ದುವುದಂತೂ ಇನ್ನೂ ಕೆಟ್ಟದ್ದು, ಏಕೆಂದರೆ ಅನೇಕ ಕ್ಷುದ್ರಗ್ರಹಗಳು ಒಂದೇ ಬಂಡೆಯಲ್ಲ, ದುರ್ಬಲವಾದ ಗುರುತ್ವದಿಂದ ಅಂಟಿಕೊಂಡ ಜಲ್ಲಿರಾಶಿಗಳು. 2020ರ ಅಕ್ಟೋಬರ್‌ನಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹವನ್ನು ಮುಟ್ಟಿದಾಗ ಅದರ ತೋಳು ಮೇಲ್ಮೈಯೊಳಗೆ ಸಲೀಸಾಗಿ ಇಳಿಯಿತು. ಒಡನೆಯೇ ಎಂಜಿನ್ ಉರಿಸಿ ಮೇಲೇಳದಿದ್ದರೆ ನೌಕೆಯೇ ಹೂತುಹೋಗುತ್ತಿತ್ತೆಂದು ವಿಜ್ಞಾನಿಗಳು ಆಮೇಲೆ ಹೇಳಿದರು.

ಮುಟ್ಟದೆಯೇ ಎಳೆಯುವ ಉಪಾಯವೂ ಇದೆ, ಕಥೆಗಳ ಮನೋಬಲಕ್ಕೆ ತೀರ ಹತ್ತಿರದ ಉಪಾಯ. 2005ರಲ್ಲಿ ಎಡ್ವರ್ಡ್ ಲು ಮತ್ತು ಸ್ಟ್ಯಾನ್ಲಿ ಲವ್ ಎಂಬ ಗಗನಯಾತ್ರಿಗಳು ಸೂಚಿಸಿದ ಗುರುತ್ವ ಟ್ರ್ಯಾಕ್ಟರ್ ಅದು. ಭಾರವಾದ ನೌಕೆಯೊಂದು ಕಲ್ಲಿನ ಪಕ್ಕದಲ್ಲೇ ತೇಲುತ್ತ, ತನ್ನ ಎಂಜಿನ್ನಿನ ಜ್ವಾಲೆ ಕಲ್ಲಿಗೆ ತಾಗದಂತೆ ಓರೆಯಾಗಿ ಉರಿಸುತ್ತ ವರ್ಷಗಟ್ಟಲೆ ನಿಂತರೆ, ಇಬ್ಬರ ನಡುವಿನ ಗುರುತ್ವವೇ ಕಾಣದ ಹಗ್ಗವಾಗಿ ಕಲ್ಲನ್ನು ಎಳೆಯುತ್ತದೆ. ಇದನ್ನು ಇನ್ನೂ ಯಾರೂ ಮಾಡಿ ನೋಡಿಲ್ಲ.

ಮಾಡಿ ನೋಡಿದ್ದು ಒರಟು ವಿಧಾನವನ್ನು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ, ಸುಮಾರು 580 ಕಿಲೋ ತೂಕದ್ದು, ಸೆಕೆಂಡಿಗೆ ಆರು ಕಿಲೋಮೀಟರ್ ವೇಗದಲ್ಲಿ ಹೋಗಿ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆಯಿತು. ಸುಮಾರು 160 ಮೀಟರ್ ಅಗಲದ ಈ ಕಲ್ಲು ತನಗಿಂತ ದೊಡ್ಡದಾದ ಡಿಡಿಮಸ್ ಅನ್ನು 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿತ್ತು. ಡಿಕ್ಕಿಯ ನಂತರ ಆ ಅವಧಿ ಸುಮಾರು 33 ನಿಮಿಷ ಕಡಿಮೆಯಾಯಿತು. ಕಲ್ಲಿನ ವೇಗದಲ್ಲಾದ ಬದಲಾವಣೆ ಸೆಕೆಂಡಿಗೆ ಮೂರು ಮಿಲಿಮೀಟರಿಗಿಂತಲೂ ಕಡಿಮೆ. ನೌಕೆಯ ಹೊಡೆತಕ್ಕಿಂತ, ಹೊಡೆತಕ್ಕೆ ಎದ್ದು ಹಿಂದಕ್ಕೆ ಚಿಮ್ಮಿದ ಕಲ್ಲುದೂಳೇ ರಾಕೆಟ್ಟಿನ ಹೊಗೆಯಂತೆ ವರ್ತಿಸಿ ಹೆಚ್ಚಿನ ಸಂವೇಗವನ್ನು ಕೊಟ್ಟಿತು. ಗಾಯ ಹೇಗಾಗಿದೆ ಎಂದು ಹತ್ತಿರದಿಂದ ನೋಡಲು ಯುರೋಪಿನ ಹೇರಾ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿತು. ಆದರೆ ಚಿಕ್ಸುಲುಬ್ ಗಾತ್ರದ ಕಲ್ಲಿಗೆ ಡಾರ್ಟ್‌ನಂಥ ಹತ್ತು ಲಕ್ಷ ನೌಕೆಗಳೂ ಸಾಲವು. ಅಂಥದ್ದು ಬಂದರೆ ಹುಡುಗಿಯ ಅಗತ್ಯ ನಿಜವಾಗಿಯೂ ಇದೆ.

ಇಷ್ಟೆಲ್ಲವೂ ಹತ್ತು ವರ್ಷ ಮೊದಲೇ ಗೊತ್ತಿದ್ದರೆ ಮಾತ್ರ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ ಸುಮಾರು 20 ಮೀಟರಿನ ಕಲ್ಲು ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾವ ದೂರದರ್ಶಕಕ್ಕೂ ಮೊದಲೇ ಕಾಣಲಿಲ್ಲ. ಬೆಳಕು ಕಂಡು ಕಿಟಕಿಗೆ ಬಂದವರ ಮೇಲೆ ಗಾಜು ಒಡೆದು ಬಿದ್ದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಇನ್ನೊಂದೆಡೆ, ಈಜಿಪ್ಟಿನ ಪುರಾಣದ ಕೇಡಿನ ಸರ್ಪದ ಹೆಸರು ಹೊತ್ತ ಅಪೋಫಿಸ್ 2004ರಲ್ಲಿ ಪತ್ತೆಯಾದಾಗ, 2029ರ ಏಪ್ರಿಲ್ 13ರಂದು ಅದು ಭೂಮಿಗೆ ಬೀಳುವ ಸಾಧ್ಯತೆ ಒಂದು ಹಂತದಲ್ಲಿ ಶೇ. 2.7ಕ್ಕೆ ಏರಿತ್ತು. ಆಮೇಲಿನ ವೀಕ್ಷಣೆಗಳು ಅದನ್ನು ಸೊನ್ನೆಗಿಳಿಸಿದವು. ಆ ದಿನ ಅದು ನಮ್ಮ ದೂರಸಂಪರ್ಕ ಉಪಗ್ರಹಗಳ ಕಕ್ಷೆಗಿಂತಲೂ ಒಳಗೆ, ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ.

ಅಪಾಯವಿಲ್ಲದ ಕಲ್ಲಿನ ವಿಷಯದಲ್ಲೂ ಸಂಭವನೀಯತೆ ಮೊದಲು ಏರಿ ಆಮೇಲೆ ಇಳಿಯುವುದು ಸುದ್ದಿ ಓದುವವರನ್ನು ಗಾಬರಿಗೊಳಿಸುತ್ತದೆ. ಆರಂಭದಲ್ಲಿ ಕಲ್ಲು ಎಲ್ಲಿ ಹಾದುಹೋಗಬಹುದು ಎಂಬುದು ಉದ್ದನೆಯ ಪಟ್ಟಿಯಂತಿದ್ದು, ಭೂಮಿ ಅದರೊಳಗೊಂದು ಚುಕ್ಕೆಯಾಗಿರುತ್ತದೆ. ವೀಕ್ಷಣೆ ಹೆಚ್ಚಿದಂತೆ ಪಟ್ಟಿ ಕುಗ್ಗುತ್ತದೆ, ಭೂಮಿ ಇನ್ನೂ ಒಳಗೇ ಇದ್ದರೆ ಅದರ ಪಾಲು ದೊಡ್ಡದಾಗುತ್ತದೆ, ಮತ್ತಷ್ಟು ಕುಗ್ಗಿದಾಗ ಭೂಮಿ ಥಟ್ಟನೆ ಹೊರಗುಳಿಯುತ್ತದೆ. 2025ರ ಫೆಬ್ರವರಿಯಲ್ಲಿ 2024 ವೈಆರ್4 ಎಂಬ ಕ್ಷುದ್ರಗ್ರಹ ಶೇ. 3ರ ಗೆರೆ ದಾಟಿ, ಕೆಲವೇ ದಿನಗಳಲ್ಲಿ ಭೂಮಿಯ ಮಟ್ಟಿಗೆ ನಿರುಪದ್ರವಿಯಾದದ್ದೂ ಹೀಗೆಯೇ.

ಈ ಹುಡುಕಾಟದಲ್ಲಿ ಹದಿಹರೆಯದವರು ಕಥೆಯ ಹೊರಗೂ ಇದ್ದಾರೆ. ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕ ತೆಗೆದ ಚಿತ್ರಗಳನ್ನು ಭಾರತವೂ ಸೇರಿದಂತೆ ಹಲವು ದೇಶಗಳ ಶಾಲಾ ವಿದ್ಯಾರ್ಥಿಗಳಿಗೆ ಕಳಿಸುವ ಅಂತರರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಕೆಲವು ನಿಮಿಷಗಳ ಅಂತರದಲ್ಲಿ ಆಕಾಶದ ಒಂದೇ ತುಣುಕನ್ನು ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಮಿನುಗಿಸಿದಾಗ, ನಕ್ಷತ್ರಗಳು ಕದಲದೆ ನಿಂತಿರುತ್ತವೆ. ಕದಲುವ ಚುಕ್ಕೆ ಕ್ಷುದ್ರಗ್ರಹವಿರಬಹುದು. ಸಿಗುವುದರಲ್ಲಿ ಬಹುಪಾಲು ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುಮ್ಮನೆ ಸುತ್ತುವ ಸಾಧುಪ್ರಾಣಿಗಳು. ಒಂದು ಕಿಲೋಮೀಟರಿಗಿಂತ ದೊಡ್ಡದಾದ, ಭೂಮಿಯ ಹತ್ತಿರ ಸುಳಿಯುವ ಕಲ್ಲುಗಳಲ್ಲಿ ಶೇ. 90ಕ್ಕೂ ಹೆಚ್ಚು ಈಗಾಗಲೇ ಪಟ್ಟಿಯಲ್ಲಿವೆ, ಆದರೆ ನಗರವೊಂದನ್ನು ಅಳಿಸಬಲ್ಲ 140 ಮೀಟರ್ ದರ್ಜೆಯವುಗಳಲ್ಲಿ ಅರ್ಧದಷ್ಟೂ ಸಿಕ್ಕಿಲ್ಲ.

ಹಾಗಾಗಿ ನಮ್ಮ ಹುಡುಗಿ ಹದಿನಾರನೆಯ ವಯಸ್ಸಿನಲ್ಲಿ ಕೈ ಎತ್ತಬೇಕು, ಆಗ ಆಕಾಶದಲ್ಲಿ ಬರಿಗಣ್ಣಿಗೆ ಏನೂ ಕಾಣುತ್ತಿರುವುದಿಲ್ಲ. ಕಲ್ಲು ಭೂಮಿಯ ಪಕ್ಕದಲ್ಲಿ ಹಾದುಹೋಗುವಾಗ ಅವಳಿಗೆ ಮೂವತ್ತು ದಾಟಿರುತ್ತದೆ. ಬಹುಶಃ ಅದೊಂದು ಕೆಲಸದ ದಿನದ ಮಧ್ಯಾಹ್ನ, ಅವಳು ಊಟದ ಡಬ್ಬಿ ಬಿಚ್ಚುತ್ತಿರುತ್ತಾಳೆ.